ತೂಕವಿಲ್ಲದ ಆನೆ: ಹಾಸನದ ಅನಿಮೇಷನ್ ವಿದ್ಯಾರ್ಥಿನಿಯೊಬ್ಬಳ ಅಂತಿಮ ಯೋಜನೆ, ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ವಿದ್ಯಾರ್ಥಿನಿಯ ಹೆಸರು, ಊರು, ಓದಿದ ಸಂಸ್ಥೆ ಯಾವುದನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಲಾಗಿದೆ. ಆಕೆಯ ಅಂತಿಮ ಯೋಜನೆಗೆ ನಾನು ಹೊರಗಿನ ಮಾರ್ಗದರ್ಶಕನಾಗಿದ್ದೆ. ಇಲ್ಲಿರುವುದೆಲ್ಲ ಆ ಅವಧಿಯಲ್ಲಿ ಆಕೆ ಕೈಗೊಂಡ ನಿರ್ಧಾರಗಳ ವಿವರ.

ಹಿನ್ನೆಲೆ

ವಿದ್ಯಾರ್ಥಿನಿ ಸಕಲೇಶಪುರ ತಾಲ್ಲೂಕಿನವಳು. ತಂದೆ ಕಾಫಿ ತೋಟವೊಂದರಲ್ಲಿ ರೈಟರು, ಅಂದರೆ ಲೆಕ್ಕಪತ್ರ ನೋಡುವವರು. ತೋಟದ ಕೆಲಸಗಾರರು ವಾಸಿಸುವ ಸಾಲುಮನೆಗಳಿಗೆ, ಅಂದರೆ ಲೈನು ಮನೆಗಳಿಗೆ, ಹೊಂದಿಕೊಂಡ ಕ್ವಾರ್ಟರ್ಸಿನಲ್ಲಿ ಆಕೆ ಬೆಳೆದಳು. ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿದಾಗ ಮನೆಯವರ ಮನಸ್ಸಿನಲ್ಲಿದ್ದದ್ದು ಎಂಜಿನಿಯರಿಂಗ್. ಮಗಳ ಮನಸ್ಸಿನಲ್ಲಿದ್ದದ್ದು ಚಿತ್ರ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅನಿಮೇಷನ್ ಚಲನಚಿತ್ರ ವಿನ್ಯಾಸವನ್ನೇ ಒಂದು ಶಿಸ್ತಾಗಿ ಕಲಿಸುತ್ತಾರೆ, ಅದಕ್ಕೆ ಎರಡು ಹಂತದ ಪ್ರವೇಶ ಪರೀಕ್ಷೆ ಇದೆ, ಆ ಪರೀಕ್ಷೆಯಲ್ಲಿ ನೋಡುವುದು ಸಾಫ್ಟ್‌ವೇರ್ ಗೊತ್ತಿದೆಯೇ ಎಂಬುದನ್ನಲ್ಲ, ಅಭ್ಯರ್ಥಿ ಹೇಗೆ ಗಮನಿಸುತ್ತಾಳೆ ಮತ್ತು ಹೇಗೆ ಯೋಚಿಸುತ್ತಾಳೆ ಎಂಬುದನ್ನು ಎಂಬ ಸಂಗತಿ ಆಕೆಗೆ ತಿಳಿಯುವ ಹೊತ್ತಿಗೆ ಅರ್ಜಿ ಹಾಕುವ ಗಡುವು ದಾಟಿತ್ತು. ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜಿನ ಮಾತು ಬಂದರೂ ಹಾಸ್ಟೆಲಿನ ವಿಷಯದಲ್ಲಿ ಮನೆಯಲ್ಲಿ ಒಮ್ಮತ ಮೂಡಲಿಲ್ಲ. ಕೊನೆಗೆ ಹಾಸನದ ಖಾಸಗಿ ಸಂಸ್ಥೆಯೊಂದರ ಡಿಪ್ಲೊಮಾ ಆಯ್ಕೆಯಾಯಿತು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಬೆಳಗಿನ ಬಸ್ಸು ಹಿಡಿದರೆ ಸಂಜೆಗೆ ಮನೆ ಸೇರಬಹುದು ಎಂಬುದೇ ಆ ಆಯ್ಕೆಯ ಮುಖ್ಯ ಕಾರಣ.

ತರಬೇತಿ ಸಾಫ್ಟ್‌ವೇರುಗಳ ಸರದಿಯಲ್ಲಿ ಸಾಗುತ್ತಿತ್ತು. ಮೊದಲು ಫೋಟೊಶಾಪ್, ಆಮೇಲೆ ಮಾಯಾ ಎಂಬ ತ್ರೀ-ಡಿ ಸಾಫ್ಟ್‌ವೇರ್, ಅದರ ನಡುವೆ ಎಡಿಟಿಂಗ್, ಕೊನೆಗೆ ಶೋರೀಲ್, ಅಂದರೆ ಕೆಲಸ ಕೇಳುವಾಗ ತೋರಿಸುವ ಮಾದರಿ ತುಣುಕುಗಳ ವಿಡಿಯೋ. ಡಿಸ್ನಿ ಸ್ಟುಡಿಯೋದ ಹಿರಿಯ ಅನಿಮೇಟರುಗಳಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ, ಇಂದಿಗೂ ಈ ವಿದ್ಯೆಯ ಬುನಾದಿ ಎನಿಸಿಕೊಂಡಿರುವ 12 ತತ್ವಗಳು ಒಂದೆರಡು ತರಗತಿಗಳಲ್ಲಿ ಸ್ಲೈಡುಗಳಾಗಿ ಬಂದು ಹೋದವು. ಚೆಂಡು ಪುಟಿಯುವ ಅಭ್ಯಾಸವನ್ನು ಎಲ್ಲರೂ ಮಾಡಿದರು. ಆದರೆ ಅದು ರಬ್ಬರ್ ಚೆಂಡೋ, ಕ್ರಿಕೆಟ್ ಚೆಂಡೋ, ಕಬ್ಬಿಣದ ಗುಂಡೋ ಎಂದು ಯಾರೂ ಕೇಳಲಿಲ್ಲ. ಆ ಅಭ್ಯಾಸ ಇರುವುದೇ ತೂಕವನ್ನು ಸಮಯದ ಮೂಲಕ ಹೇಳುವುದನ್ನು ಕಲಿಸಲು. ಹಾಗಿದ್ದೂ ಸಂಸ್ಥೆಯೊಂದನ್ನೇ ದೂರಿ ಫಲವಿಲ್ಲ. ಪ್ರವೇಶಕ್ಕೆ ಬರುವ ಪೋಷಕರು ಮೊದಲು ಕೇಳುವ ಪ್ರಶ್ನೆ ‘ಯಾವ ಯಾವ ಸಾಫ್ಟ್‌ವೇರ್ ಹೇಳಿಕೊಡುತ್ತೀರಿ’ ಎಂಬುದು. ಪಠ್ಯಕ್ರಮ ಆ ಪ್ರಶ್ನೆಗೆ ಉತ್ತರವಾಗಿ ಬೆಳೆದಿದೆ.

ಸಮಸ್ಯೆ

ಅಂತಿಮ ಯೋಜನೆಗೆ ಆಕೆ ಆರಿಸಿಕೊಂಡ ವಸ್ತು ಅರ್ಜುನ. 2012ರಿಂದ 2019ರವರೆಗೆ ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತಿದ್ದ ಈ ಸಾಕಾನೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಕಾರ್ಯಾಚರಣೆಯ ವೇಳೆ ಸಲಗವೊಂದರ ಜೊತೆಗಿನ ಕಾದಾಟದಲ್ಲಿ ಸತ್ತಿತು. ತಾಲ್ಲೂಕಿನ ಮನೆಮನೆಯೂ ಆ ವಾರ ಅದೇ ಮಾತಾಡಿತ್ತು. ಆಕೆಯ ಯೋಜನೆಯ ಪ್ರಕಾರ ಚಿತ್ರ ಮೂರು ನಿಮಿಷದ್ದು, ಪೂರ್ತಿ ತ್ರೀ-ಡಿ. ಅರಮನೆಯ ಮುಂದೆ ಜನಸಾಗರ, ಅಂಬಾರಿ, ನಂತರ ಮಲೆನಾಡಿನ ಕಾಡು, ಕಾದಾಟ, ಸಮಾಧಿ. ದೃಶ್ಯಗಳನ್ನು ಸಾಲಾಗಿ ಬಿಡಿಸಿದ ಸ್ಟೋರಿಬೋರ್ಡ್ ಅಚ್ಚುಕಟ್ಟಾಗಿತ್ತು. ಆಕೆಗೆ ಚೌಕಟ್ಟು ಕಟ್ಟುವ ಕಣ್ಣಿದೆ ಎಂಬುದು ಅಲ್ಲೇ ಗೊತ್ತಾಗುತ್ತಿತ್ತು.

ಮೊದಲ ಭೇಟಿಯಲ್ಲಿ ನಾನು ಕಥೆಯ ತಂಟೆಗೆ ಹೋಗಲಿಲ್ಲ. ಸಂಗೀತವಿಲ್ಲದೆ, ಕ್ಯಾಮೆರಾ ಅಲುಗಾಡಿಸದೆ, ಬೂದು ಬಣ್ಣದ ಬಯಲಿನಲ್ಲಿ ಆನೆ ಎಡದಿಂದ ಬಲಕ್ಕೆ ನಡೆದುಹೋಗುವ ಒಂದೇ ಒಂದು ಶಾಟ್ ಮಾಡಿ ತರಲು ಹೇಳಿದೆ. ಇಡೀ ಚಿತ್ರ ಆ ನಡಿಗೆಯ ಮೇಲೆ ನಿಂತಿರುವುದರಿಂದ ಅದನ್ನು ಮೊದಲು ನೋಡಬೇಕಿತ್ತು.

ಆಕೆ ಉಚಿತವಾಗಿ ಸಿಗುವ ಆನೆಯ ರಿಗ್ (ಕೀಲುಗಳನ್ನು ಕೂಡಿಸಿದ, ಅಲುಗಾಡಿಸಬಹುದಾದ ಕಂಪ್ಯೂಟರ್ ಬೊಂಬೆ) ಒಂದನ್ನು ಇಳಿಸಿಕೊಂಡು, ಮನುಷ್ಯನ ನಡಿಗೆಗೆ ತರಗತಿಯಲ್ಲಿ ಕಲಿಸಿದ್ದ ಸೂತ್ರವನ್ನೇ ನಾಲ್ಕು ಕಾಲಿಗೆ ಹಂಚಿ ವಾಕ್ ಸೈಕಲ್, ಅಂದರೆ ಮತ್ತೆ ಮತ್ತೆ ಓಡಿಸಬಹುದಾದ ನಡಿಗೆಯ ಆವರ್ತ, ಸಿದ್ಧಪಡಿಸಿದ್ದಳು. ಬಲ ಹಿಂಗಾಲು ಮತ್ತು ಎಡ ಮುಂಗಾಲು ಒಟ್ಟಿಗೆ ಏಳುತ್ತಿದ್ದವು. ಅದು ಕುದುರೆಯ ದುಡುಕೋಟದ (ಟ್ರಾಟ್) ಕ್ರಮ. ಬೆನ್ನು ಹಳಿಯ ಮೇಲೆ ಜಾರಿದಂತೆ ನೇರವಾಗಿ ಸಾಗುತ್ತಿತ್ತು. ಪಾದ ನೆಲ ಮುಟ್ಟಿದ ಮೇಲೂ ತುಸು ಮುಂದಕ್ಕೆ ಸರಿಯುತ್ತಿತ್ತು. ತಾನು ಗೊತ್ತುಮಾಡಿದ ಮುಖ್ಯ ಭಂಗಿಗಳಾದ ಕೀಫ್ರೇಮುಗಳ ನಡುವಿನ ಚಲನೆಯನ್ನು ಕಂಪ್ಯೂಟರಿಗೇ ಬಿಟ್ಟಿದ್ದರಿಂದ ಪ್ರತಿಯೊಂದು ಅಂಗವೂ ಒಂದೇ ಮೆತ್ತನೆಯ ಗತಿಯಲ್ಲಿ ಏಳುತ್ತಾ ಇಳಿಯುತ್ತಾ ಇತ್ತು. ಸಂಸ್ಥೆಯ ಪರಿಶೀಲನೆಯಲ್ಲಿ ಈ ಶಾಟಿಗೆ ‘ತುಂಬಾ ಸ್ಮೂತ್ ಆಗಿದೆ’ ಎಂಬ ಮೆಚ್ಚುಗೆ ಸಿಕ್ಕಿತ್ತು. ನಮ್ಮ ಕಸುಬಿನಲ್ಲಿ ಇಷ್ಟು ಹಾನಿ ಮಾಡುವ ಹೊಗಳಿಕೆ ಇನ್ನೊಂದಿಲ್ಲ. ಭಾರವಿರುವ ಯಾವ ಜೀವಿಯೂ ಸ್ಮೂತಾಗಿ ನಡೆಯುವುದಿಲ್ಲ. ಅದು ಬೀಳುತ್ತದೆ, ತಡೆಯುತ್ತದೆ, ಮತ್ತೆ ಎತ್ತಿಕೊಳ್ಳುತ್ತದೆ.

ತಪ್ಪುಗಳನ್ನು ನಾನೇ ಪಟ್ಟಿ ಮಾಡಿ ಕೊಡಬಹುದಿತ್ತು. ಅದರ ಬದಲು ಆ ಶಾಟನ್ನು ಮೊಬೈಲಿನಲ್ಲಿ ಹಾಕಿಕೊಂಡು ಲೈನು ಮನೆಯವರಿಗೆ ತೋರಿಸಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬರುವಂತೆ ಸೂಚಿಸಿದೆ. ಕಾಡಾನೆ ಓಡಾಡುವ ತೋಟದಲ್ಲಿ ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವವರಿಗಿಂತ ಕಟ್ಟುನಿಟ್ಟಿನ ವಿಮರ್ಶಕರು ಬೆಂಗಳೂರಿನ ಯಾವ ಸ್ಟುಡಿಯೋದಲ್ಲೂ ಸಿಗಲಾರರು. ಆಕೆ ಬರೆದು ತಂದ ಹಾಳೆಯಲ್ಲಿ ಎರಡು ಮಾತುಗಳು ಮುಖ್ಯವಾಗಿದ್ದವು. ಹಿಂದೆ ಅರಣ್ಯ ಇಲಾಖೆಯಲ್ಲಿ ದಿನಗೂಲಿ ಕಾವಲುಗಾರರಾಗಿದ್ದ ಹಿರಿಯರೊಬ್ಬರು, ‘ಇದ್ರ ಹೊಟ್ಟೆ ಒಳಗೆ ಏನೂ ಇಲ್ಲ’ ಎಂದಿದ್ದರು. ಕಾಫಿ ಕೊಯ್ಲಿನ ಮಹಿಳೆಯೊಬ್ಬರು, ‘ಆನೆ ಮುಂಗಾಲಿಟ್ಟ ಜಾಗಕ್ಕೇ ಹಿಂಗಾಲು ಇಡ್ತದೆ, ನೀ ಹೆಜ್ಜೆ ನೋಡೇ ಇಲ್ವಾ?’ ಎಂದು ಕೇಳಿದ್ದರು.

ಮಾಡಿ ನೋಡಿದ್ದು

ಮೊದಲ ಪ್ರಯತ್ನ, ಚಲನೆಯನ್ನು ರೇಖೆಗಳಾಗಿ ತೋರಿಸುವ ಗ್ರಾಫ್ ಎಡಿಟರಿನಲ್ಲಿ ನಡೆಯಿತು. ಇದ್ದ ಚಲನೆಯ ರೇಖೆಗಳನ್ನೇ ಅಲ್ಲಲ್ಲಿ ಚೂಪು ಮಾಡಿ, ದೇಹವನ್ನು ಸ್ವಲ್ಪ ಕುಗ್ಗಿಸಿ ಎತ್ತಿ, ತಲೆ ತೂಗಿಸಿ ಆಕೆ ಹಲವು ಪ್ರತಿಗಳನ್ನು ತಯಾರಿಸಿದಳು. ಆನೆ ತೇಲುವುದು ನಿಂತು ಕುಂಟಲು ಶುರುವಾಯಿತು. ಕಾಲಿಡುವ ಕ್ರಮವೇ ತಪ್ಪಿರುವಾಗ ರೇಖೆ ತಿದ್ದಿ ಪ್ರಯೋಜನವಿಲ್ಲ ಎಂದು ಆಕೆಗೇ ಮನವರಿಕೆಯಾಗಿ, ಸೈಕಲನ್ನು ಪೂರ್ತಿ ಅಳಿಸಿ ಹಾಕಿದಳು.

ಎರಡನೆಯದು ವಿಡಿಯೋ ನೋಡಿ ಕಲಿಯುವ ಪ್ರಯತ್ನ. ವಸ್ತು ಅರ್ಜುನನೇ ಆದ್ದರಿಂದ ಜಂಬೂಸವಾರಿಯ ದೃಶ್ಯಗಳು ಸಹಜವಾಗಿ ಮೊದಲ ಆಕರವಾದವು. ಅವುಗಳಿಂದ ಕಾಲಿನ ಕ್ರಮ ಸರಿಹೋಯಿತು: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಆನೆ ಎಷ್ಟೇ ವೇಗವಾಗಿ ಹೋದರೂ ಅದರ ನಾಲ್ಕೂ ಪಾದ ಒಮ್ಮೆಲೇ ನೆಲ ಬಿಡುವುದಿಲ್ಲ, ನಿಧಾನದ ನಡಿಗೆಯಲ್ಲಂತೂ ಹೆಚ್ಚಿನ ಹೊತ್ತು ಮೂರು ಪಾದಗಳು ನೆಲದ ಮೇಲೇ ಇರುತ್ತವೆ ಎಂಬುದನ್ನು ಆಕೆ ಫ್ರೇಮ್ ಫ್ರೇಮಾಗಿ, ಅಂದರೆ ವಿಡಿಯೋದ ಒಂದೊಂದೇ ಚಿತ್ರವಾಗಿ ನೋಡಿ ಖಚಿತಪಡಿಸಿಕೊಂಡಳು. ಮುಂಗಾಲು ಮಣಿಕಟ್ಟಿನಲ್ಲಿ ಹಿಂದಕ್ಕೆ ಮಡಚುತ್ತದೆ, ಹಿಂಗಾಲಿನ ಮಂಡಿ ಮನುಷ್ಯನ ಮಂಡಿಯಂತೆ ಮುಂದಕ್ಕೆ ಬಾಗುತ್ತದೆ. ಇಳಿಸಿಕೊಂಡ ರಿಗ್ಗಿನಲ್ಲಿ ಹಿಂಗಾಲು ನಾಯಿಯದರಂತೆ ಕಟ್ಟಲ್ಪಟ್ಟಿದ್ದರಿಂದ ಅದನ್ನೂ ಬಿಚ್ಚಿ ಮತ್ತೆ ಜೋಡಿಸಬೇಕಾಯಿತು. ಇಷ್ಟೆಲ್ಲ ಆದ ಮೇಲೂ ಹಿರಿಯರ ತೀರ್ಪು ಬದಲಾಗಲಿಲ್ಲ. ಇದು ಡಾಂಬರಿನ ಮೇಲೆ ಮಾವುತ ನಡೆಸುವ ಆನೆ, ತೋಟಕ್ಕೆ ಬರುವ ಆನೆ ಹೀಗೆ ನಡೆಯುವುದಿಲ್ಲ ಎಂದು ಅವರು ಹೇಳಿದರು. ಬೆನ್ನ ಮೇಲೆ ಮುನ್ನೂರು ಕಿಲೋದ್ದೋ ಏಳುನೂರು ಕಿಲೋದ್ದೋ ಭಾರವಿರುವ ಆನೆಯೂ, ಕತ್ತಲಲ್ಲಿ ಹಲಸಿನ ವಾಸನೆ ಹಿಡಿದು ಇಳಿಜಾರು ಇಳಿಯುವ ಆನೆಯೂ ಹೆಜ್ಜೆ ಇಡುವ ರೀತಿ ಒಂದೇ ಆಗಿರಲು ಸಾಧ್ಯವಿಲ್ಲ.

ಆಗ ತೋಟದ ಗೇಟಿನ ಸಿಸಿಟಿವಿ ನೆನಪಾಯಿತು. ಮಲೆನಾಡಿನ ತೋಟಗಳಲ್ಲಿ ಈಗ ಇದು ಸಾಮಾನ್ಯ. ರಾತ್ರಿ ಆನೆ ಹಾದುಹೋದರೆ ಬೆಳಗಾಗುವುದರೊಳಗೆ ಆ ತುಣುಕು ಊರಿನ ವಾಟ್ಸ್‌ಆಪ್ ಗುಂಪುಗಳಲ್ಲೆಲ್ಲ ಓಡಾಡಿರುತ್ತದೆ. ಆಕೆ ಅಂಥ ತುಣುಕೊಂದನ್ನು ಚಿತ್ರಗಳಾಗಿ ಬಿಡಿಸಿ, ಟೈಮ್‌ಲೈನಿಗೆ ತಂದು, ಒಂದೊಂದು ಚಿತ್ರಕ್ಕೂ ತನ್ನ ಆನೆಯ ಭಂಗಿಯನ್ನು ಹೊಂದಿಸಿದಳು. ಒಂದು ಪೂರ್ತಿ ಹೆಜ್ಜೆಯ ಆವರ್ತಕ್ಕೆ, ಅಂದರೆ ಎಡ ಹಿಂಗಾಲು ನೆಲ ಮುಟ್ಟಿದಲ್ಲಿಂದ ಅದೇ ಕಾಲು ಮತ್ತೆ ನೆಲ ಮುಟ್ಟುವವರೆಗೆ, 36 ಫ್ರೇಮುಗಳಾದವು. ಭಂಗಿಗಳೆಲ್ಲ ಕರಾರುವಾಕ್ಕಾಗಿದ್ದವು. ಓಡಿಸಿ ನೋಡಿದರೆ ಆನೆ ಏನೋ ತುರ್ತಿಗೆ ಹೊರಟಂತೆ ಕಾಣುತ್ತಿತ್ತು.

ಇಲ್ಲಿಗೆ ಬಂದು ಪ್ರಕರಣ ತಿರುವು ಪಡೆಯಿತು. ಸಿಸಿಟಿವಿ ಚಿತ್ರದ ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಮೂಲ ತುಣುಕನ್ನು ಮತ್ತೆ ಮತ್ತೆ ನೋಡುತ್ತಿದ್ದ ಆಕೆ, ಆ ಗಡಿಯಾರದ ಒಂದು ಸೆಕೆಂಡು ಕಳೆಯಲು ತನ್ನ ಟೈಮ್‌ಲೈನಿನಲ್ಲಿ 24ರ ಬದಲು 15 ಫ್ರೇಮುಗಳಷ್ಟೇ ಸಾಲುತ್ತಿರುವುದನ್ನು ಗುರುತಿಸಿದಳು. ಆ ಕ್ಯಾಮೆರಾ ಸೆಕೆಂಡಿಗೆ 15 ಚಿತ್ರಗಳನ್ನು ಮಾತ್ರ ಹಿಡಿಯುತ್ತಿತ್ತು. ಸೆಕೆಂಡಿಗೆ 24 ಫ್ರೇಮಿನ ಟೈಮ್‌ಲೈನಿಗೆ ಅದನ್ನು ಚಿತ್ರಕ್ಕೊಂದು ಫ್ರೇಮಿನಂತೆ ಸುರಿದಾಗ ಆನೆ 1.6 ಪಟ್ಟು ವೇಗ ಪಡೆದಿತ್ತು. ನಿಜವಾದ ಆವರ್ತ 36 ಭಾಗಿಸು 15, ಅಂದರೆ 2.4 ಸೆಕೆಂಡು, 24 ಫ್ರೇಮಿನ ಲೆಕ್ಕದಲ್ಲಿ ಅದು ಸುಮಾರು 58 ಫ್ರೇಮುಗಳಾಗಬೇಕು. ಅನಿಮೇಟರುಗಳು ರೂಢಿಯಲ್ಲಿ ಮನುಷ್ಯನ ಎರಡು ಹೆಜ್ಜೆಗೆ 24 ಫ್ರೇಮು ಕೊಡುತ್ತಾರೆ. ಆ ಅಂದಾಜೇ ಕೈಯಲ್ಲಿ ಕೂತಿದ್ದವರಿಗೆ 58 ಎಂಬುದು ಅಸಂಬದ್ಧವಾಗಿ ಉದ್ದ ಎನಿಸುತ್ತದೆ. ಆಕೆಗೂ ಹಾಗೆಯೇ ಅನಿಸಿತು, ಆದರೂ ಗಡಿಯಾರವನ್ನು ನಂಬಿ ಹಿಗ್ಗಿಸಿದಳು.

ಹಿಗ್ಗಿಸಿದ್ದು ಸಮನಾಗಿ ಅಲ್ಲ ಎಂಬುದು ಇನ್ನೂ ಮುಖ್ಯ. ಪಾದ ಗಾಳಿಯಲ್ಲಿರುವ ಹೊತ್ತನ್ನು ಹೆಚ್ಚು ಬೆಳೆಸದೆ, ಪಾದ ಊರಿದ ಮೇಲೆ ಭಾರ ಅದರ ಮೇಲೆ ಬಂದು ಕೂರುವ ಹೊತ್ತಿಗೆ ಉಳಿದ ಫ್ರೇಮುಗಳನ್ನು ಕೊಟ್ಟಳು. ಆನೆಯ ಪಾದದಡಿಯಲ್ಲಿ ಕೊಬ್ಬಿನ ಮೆತ್ತೆಯಿದೆ. ಭಾರ ಬಿದ್ದಾಗ ಪಾದ ಅಗಲವಾಗುತ್ತದೆ, ಎತ್ತಿದಾಗ ಸಣ್ಣದಾಗುತ್ತದೆ. ಅಷ್ಟು ದೊಡ್ಡ ಪ್ರಾಣಿ ಒಣಗಿದ ಎಲೆಯ ಮೇಲೂ ಸದ್ದಿಲ್ಲದೆ ಬರುವುದಕ್ಕೆ ಅದೂ ಒಂದು ಕಾರಣ. ಆಕೆ ಪ್ರತಿ ಪಾದಕ್ಕೂ ಈ ಹಿಗ್ಗು ಕುಗ್ಗನ್ನು ಸೇರಿಸಿದಳು. ಭುಜದ ಮೂಳೆ ಚರ್ಮದೊಳಗಿಂದ ಮೇಲೆದ್ದು ಇಳಿಯುವುದನ್ನೂ, ಹೊಟ್ಟೆ ದೇಹಕ್ಕಿಂತ ಕೆಲವು ಫ್ರೇಮು ತಡವಾಗಿ ಓಲಾಡುವುದನ್ನೂ ಕೂಡಿಸಿದಳು. ಹಿರಿಯರು ಹೇಳಿದ ‘ಹೊಟ್ಟೆ ಒಳಗೆ ಏನೂ ಇಲ್ಲ’ ಎಂಬ ಮಾತಿಗೆ ತಾಂತ್ರಿಕ ಉತ್ತರ ಈ ಕೆಲವು ಫ್ರೇಮುಗಳ ತಡದಲ್ಲಿತ್ತು. 12 ತತ್ವಗಳಲ್ಲಿ ಅದಕ್ಕೂ ಜಾಗವಿದೆ, ಸ್ಲೈಡಿನಲ್ಲೂ ಅದು ಬಂದು ಹೋಗಿತ್ತು.

ಇದೇ ಅವಧಿಯಲ್ಲಿ ಗಾತ್ರದ ಪ್ರಶ್ನೆಯೂ ಎದ್ದಿತು. ಆಕೆಯ ಆನೆ ಕಾಫಿ ಗಿಡಗಳ ಪಕ್ಕ ನಿಂತಾಗ ಭಯಂಕರವಾಗಿ ಕಾಣುತ್ತಿತ್ತು, ಆದರೆ ಯಾವ ಅಳತೆಗೂ ಹೊಂದುತ್ತಿರಲಿಲ್ಲ. ಆನೆಯ ಮುಂಗಾಲಿನ ಪಾದದ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಅದರ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ ಎಂಬ ಲೆಕ್ಕ ಕಾಡಿನಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ಮಳೆ ಬಂದು ಬಿಟ್ಟ ಮಾರನೆಯ ದಿನ, ತೋಟದ ಕೆರೆ ಏರಿಯ ಮೇಲೆ ಮೂಡಿದ್ದ ದುಂಡನೆಯ ಹೆಜ್ಜೆಯೊಂದರ ಅಂಚಿಗೆ ತಂದೆಯ ಜೊತೆಗೂಡಿ ದಾರ ಸುತ್ತಿ ಅಳೆದಳು. ದುಂಡಗಿರುವುದು ಮುಂಗಾಲಿನದು, ತುಸು ಉದ್ದಕ್ಕಿರುವುದು ಹಿಂಗಾಲಿನದು ಎಂದು ಗುರುತು ಹೇಳಿಕೊಟ್ಟವರು ಮತ್ತೆ ಅದೇ ಹಿರಿಯರು. ದಾರ ನಾಲ್ಕೂವರೆ ಅಡಿ ಬಂತು. ಆನೆ ಒಂಬತ್ತು ಅಡಿಯದು. ಕಂಪ್ಯೂಟರಿನಲ್ಲಿ, ಐದೂವರೆ ಅಡಿಯ ಅರೇಬಿಕಾ ಗಿಡದ ಪಕ್ಕ, ಆಕೆ ಹದಿನಾಲ್ಕು ಅಡಿಯ ಆನೆಯನ್ನು ನಿಲ್ಲಿಸಿದ್ದಳು. ಅಳತೆಗೆ ಇಳಿಸಿದ ಮೇಲೆ ಆನೆಯ ಬೆನ್ನು ಮತ್ತು ತಲೆ ಮಾತ್ರ ಗಿಡಗಳ ಮೇಲೆ ಕಾಣತೊಡಗಿತು. ಕಾಲುಗಳು ಎಲೆಯ ಹಿಂದೆ ಮರೆಯಾದವು. ಅಷ್ಟು ಪಾಡುಪಟ್ಟು ತಿದ್ದಿದ ನಡಿಗೆಯಲ್ಲಿ ಅರ್ಧಕ್ಕರ್ಧ ಪರದೆಯ ಮೇಲೆ ಕಾಣುವುದೇ ಇಲ್ಲ ಎಂದಾಯಿತು!

ಕಥೆಯನ್ನು ಕೈಬಿಟ್ಟದ್ದು

ಈ ಇಳಿಸಿದ ಆನೆಯನ್ನು ನೋಡುತ್ತಾ ಕೂತಾಗಲೇ ಅರ್ಜುನನ ಕಥೆಯನ್ನು ಬಿಡುವ ಮಾತು ಬಂತು. ಮಾತೆತ್ತಿದವಳು ಆಕೆಯೇ. ಆ ಕಥೆಯ ಮೇಲೆ ಆಗಲೇ ನೂರಾರು ಪೋಸ್ಟರು, ಹಾಡು, ವಿಡಿಯೋಗಳು ಬಂದಿದ್ದವು. ತಾನು ಮಾಡುವುದು ಅವುಗಳ ಸಾಲಿಗೆ ಇನ್ನೊಂದು ಸೇರ್ಪಡೆಯಾಗುತ್ತದೆ, ತನಗೆ ನಿಜವಾಗಿ ಗೊತ್ತಿರುವುದು ಅಂಬಾರಿಯ ಆನೆಯಲ್ಲ, ಬೆಳಗ್ಗೆ ಆರೂವರೆಗೆ ತೋಟದ ದಾರಿಯಲ್ಲಿ ನಿಂತಿರಬಹುದಾದ ಆನೆ ಎಂದು ಆಕೆ ಬರೆದ ಟಿಪ್ಪಣಿ ನನ್ನ ಬಳಿ ಇದೆ.

ಈ ನಿರ್ಧಾರಕ್ಕೆ ಲೆಕ್ಕದ ಬಲವೂ ಇತ್ತು. ಸೆಕೆಂಡಿಗೆ 24 ಫ್ರೇಮಿನಂತೆ ಮೂರು ನಿಮಿಷಕ್ಕೆ 4,320 ಫ್ರೇಮುಗಳು. ಆಕೆಯ ಲ್ಯಾಪ್‌ಟಾಪಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಎಲೆ, ನೆರಳು, ಮಂಜು ಎಲ್ಲ ಸೇರಿದ ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಅದನ್ನು ಪೂರ್ಣ ಚಿತ್ರವಾಗಿ ತಯಾರಿಸಲು, ನಾಲ್ಕು ನಿಮಿಷ ಹಿಡಿಯುತ್ತಿತ್ತು. ಅಂದರೆ 288 ಗಂಟೆ, ಎಡೆಬಿಡದೆ 12 ದಿನ. ಸಲ್ಲಿಕೆಯ ಗಡುವು ಇದ್ದದ್ದು ಜುಲೈನಲ್ಲಿ. ಸಕಲೇಶಪುರದ ಜುಲೈನಲ್ಲಿ 12 ದಿನ ಬಿಡದೆ ಕರೆಂಟು ಇರುತ್ತದೆಂದು ನಂಬುವವರು ಆ ತಾಲ್ಲೂಕಿನವರಾಗಿರಲಾರರು.

ಹೊಸ ಯೋಜನೆ 50 ಸೆಕೆಂಡಿನದು. ಇಬ್ಬರು ಮಹಿಳೆಯರು ಕೆಲಸಕ್ಕೆ ಹೋಗುವ ದಾರಿ, ಗಿಡಗಳ ಆಚೆ ಆನೆ, ಒಬ್ಬಳು ಗುರುತಿಸುವುದು, ಇಬ್ಬರೂ ಸದ್ದು ಮಾಡದೆ ಹಿಂದಕ್ಕೆ ಬರುವುದು, ಅಷ್ಟೇ. ದಾಳಿಯಿಲ್ಲ, ಘೀಳಿಡುವುದಿಲ್ಲ. ಆನೆಯನ್ನು ಮತ್ತು ಆ ಇಬ್ಬರು ಮಹಿಳೆಯರನ್ನು ಮಾತ್ರ ತ್ರೀ-ಡಿಯಲ್ಲಿ ಇಟ್ಟುಕೊಂಡು, ಉಚಿತವಾಗಿ ಸಿಗುವ ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ ಸಪಾಟಾದ ಬಣ್ಣದಲ್ಲಿ ರೆಂಡರ್ ಮಾಡುವುದು. ತೋಟ, ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನೆಲ್ಲ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಆದ ಕ್ರಿತಾದಲ್ಲಿ ಕೈಯಾರೆ ಬಿಡಿಸುವುದು ಎಂದು ತೀರ್ಮಾನವಾಯಿತು. ಈಗ 1,200 ಫ್ರೇಮು, ಒಂದಕ್ಕೆ 20 ಸೆಕೆಂಡು, ಒಟ್ಟು ಏಳು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ವಿಡಿಯೋ ಕಡತವಾಗಿ ರೆಂಡರ್ ಮಾಡದೆ, ಬಿಡಿಬಿಡಿ ಚಿತ್ರಗಳ ಸರಣಿಯಾಗಿ ತೆಗೆದದ್ದರಿಂದ ಕರೆಂಟು ಹೋಗಿ ಬ್ಯಾಟರಿ ಮುಗಿದರೂ ನಿಂತ ಫ್ರೇಮಿನಿಂದಲೇ ಮುಂದುವರಿಸಬಹುದಿತ್ತು. ಕಡಿಮೆ ಸೌಕರ್ಯದ ಊರುಗಳಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು ಇದನ್ನು ಮೊದಲ ದಿನವೇ ರೂಢಿಸಿಕೊಳ್ಳುವುದು ಒಳಿತು.

ಸಂಸ್ಥೆ ಒಪ್ಪಲಿಲ್ಲ. ಅಂತಿಮ ಚಿತ್ರ ಕನಿಷ್ಠ ಎರಡು ನಿಮಿಷವಿರಬೇಕು, ಶೋರೀಲಿನಲ್ಲಿ ಮಾಡೆಲಿಂಗ್, ಟೆಕ್ಸ್ಚರ್, ಲೈಟಿಂಗ್, ರಿಗ್ಗಿಂಗ್ ಎಲ್ಲವೂ ಕಾಣಬೇಕು ಎಂಬುದು ಅವರ ನಿಯಮ. ಆಕೆ ವಾದಕ್ಕಿಳಿಯದೆ, ನಡಿಗೆ ರೂಪುಗೊಂಡ ಹಂತಗಳನ್ನು, ಅಂದರೆ ಮೊದಲ ತೇಲುವ ಆನೆ, ಸಿಸಿಟಿವಿ ತುಣುಕು, 36 ಮತ್ತು 58 ಫ್ರೇಮಿನ ಆವೃತ್ತಿಗಳನ್ನು ಅಕ್ಕಪಕ್ಕ ಜೋಡಿಸಿ, ಚಿತ್ರದ ಹಿಂದೆ ಒಂದೂವರೆ ನಿಮಿಷದ ವಿವರಣೆಯಾಗಿ ಸೇರಿಸಿದಳು. ನಿಯಮ ಉಳಿಯಿತು. ಈ ವಿವರಣೆಯೇ ಮುಂದೆ ಆಕೆಗೆ ಕೆಲಸ ಕೊಡಿಸಿತು ಎಂಬುದು ಬೇರೆ ಮಾತು.

ನಿಂತ ಆನೆ

ಚಿತ್ರದ ಹೃದಯ ಯಾವ ಶಾಟ್ ಎಂಬುದು ಬಹಳ ತಡವಾಗಿ ಗೊತ್ತಾಯಿತು. ಚಿತ್ರದ ಕರಡು ವಿಡಿಯೋ ಆದ ಅನಿಮ್ಯಾಟಿಕ್ ನೋಡಿದ ಹಿರಿಯರು ಆನೆ ನಡೆಯುವಾಗ ತಮಗೆ ಅಷ್ಟು ಭಯವಾಗುವುದಿಲ್ಲ, ಅದು ಕಿವಿ ಬೀಸುವುದನ್ನು ನಿಲ್ಲಿಸಿದಾಗ ಭಯವಾಗುತ್ತದೆ ಎಂದರು. ಆರಾಮವಾಗಿರುವ ಆನೆ ಮೈಯ ಬಿಸಿ ಇಳಿಸಿಕೊಳ್ಳಲು ಕಿವಿ ಬೀಸುತ್ತಲೇ ಇರುತ್ತದೆ. ಏನೋ ಕೇಳಿಸಿತೆಂದರೆ ಕಿವಿ ನಿಲ್ಲುತ್ತದೆ, ಸೊಂಡಿಲ ತುದಿ ಗಾಳಿ ಬಂದ ಕಡೆಗೆ ಏಳುತ್ತದೆ. ಹೀಗೆ, ನಡಿಗೆಗಾಗಿ ತಿಂಗಳುಗಟ್ಟಲೆ ದುಡಿದವಳ ಚಿತ್ರದಲ್ಲಿ ಮುಖ್ಯ ಶಾಟ್ ಆನೆ ಸುಮ್ಮನೆ ನಿಂತಿರುವುದಾಯಿತು.

ತ್ರೀ-ಡಿಯಲ್ಲಿ ಸುಮ್ಮನೆ ನಿಲ್ಲಿಸುವುದು ಕಷ್ಟದ ಕೆಲಸ. ಎಲ್ಲ ಚಲನೆಯನ್ನೂ ತಡೆದರೆ ಪಾತ್ರ ಆ ಕ್ಷಣವೇ ಸತ್ತ ಬೊಂಬೆಯಾಗುತ್ತದೆ, ಕಂಪ್ಯೂಟರ್ ಕೈಕೊಟ್ಟಿತೇ ಎಂಬ ಅನುಮಾನ ನೋಡುವವರಿಗೆ ಬರುತ್ತದೆ. ಅದಕ್ಕಾಗಿ ಮೂವಿಂಗ್ ಹೋಲ್ಡ್ ಬಳಸುತ್ತಾರೆ. ಭಂಗಿ ಬದಲಾಗದೆ ಅದರೊಳಗೆ ಕಣ್ಣಿಗೆ ಕಂಡೂ ಕಾಣದಷ್ಟು ಚಲನೆ ಉಳಿದಿರುತ್ತದೆ. ಆಕೆ ಕಿವಿಗಳನ್ನು ಎರಡು ಫ್ರೇಮು ಹಿಂದುಮುಂದಾಗಿ ನಿಲ್ಲಿಸಿದಳು, ಪಕ್ಕೆಯಲ್ಲಿ ಉಸಿರು ಉಳಿಸಿದಳು, ಮುಂಗಾಲಿನ ಭಾರವನ್ನು ನಿಧಾನವಾಗಿ ಇನ್ನೊಂದು ಕಾಲಿಗೆ ದಾಟಿಸಿದಳು. ಸೊಂಡಿಲ ತುದಿಯಲ್ಲಿ ಏಷ್ಯಾದ ಆನೆಗೆ ಇರುವ ಒಂದೇ ಬೆರಳನ್ನು ಸ್ವಲ್ಪ ಅರಳಿಸಿದಳು. ನಾಲ್ಕು ಸೆಕೆಂಡಿನ ಈ ಶಾಟಿಗೆ ಹಿಡಿದಷ್ಟು ಸಮಯ ಉಳಿದ ಯಾವ ಶಾಟಿಗೂ ಹಿಡಿಯಲಿಲ್ಲ.

ಮಾತಿನ ಭಾಗದಲ್ಲಿ ಜಾಣತನದ ಸಣ್ಣ ನಿರ್ಧಾರವೊಂದಿತ್ತು. ದನಿ ಕೊಟ್ಟವರು ಲೈನು ಮನೆಯವರೇ. ತುಟಿ ಹೊಂದಿಸುವ ಕೆಲಸವನ್ನು ಆಕೆ ಒಂದೇ ಶಾಟಿಗೆ ಇಟ್ಟುಕೊಂಡು, ಉಳಿದೆಡೆ ಪಾತ್ರಗಳ ಬೆನ್ನು ತೋರಿಸಿದಳು. ಆ ಒಂದು ಶಾಟಿನಲ್ಲೂ ಇಂಗ್ಲಿಷ್ ಮಾತಿಗಾಗಿ ಮಾಡಿದ ಬಾಯಿಯ ಆಕಾರಗಳ ಚಾರ್ಟು ಅರ್ಧ ಮಾತ್ರ ನೆರವಾಯಿತು. ‘ಪ’, ‘ಬ’, ‘ಮ’ಗಳಿಗೆ ತುಟಿ ಮುಚ್ಚಿದರೆ ಸಾಕು, ‘ಳ’ ‘ಣ’ಗಳು ಹೊರಗೆ ಕಾಣುವುದೇ ಇಲ್ಲ, ಆದರೆ ಹ್ರಸ್ವ ದೀರ್ಘಗಳ ಅಂತರ ಫ್ರೇಮುಗಳಲ್ಲಿ ಕಾಣಲೇಬೇಕು, ಇಲ್ಲದಿದ್ದರೆ ಪಾತ್ರ ಡಬ್ಬಿಂಗ್ ಧಾರಾವಾಹಿಯಂತೆ ಮಾತಾಡುತ್ತದೆ.

ಆಮೇಲೆ ಆದದ್ದು

ಸಂಸ್ಥೆಯ ಪ್ರದರ್ಶನದಲ್ಲಿ ಚಿತ್ರಕ್ಕೆ ಮಧ್ಯಮ ಪ್ರತಿಕ್ರಿಯೆ ಬಂತು. ಯುದ್ಧದ ದೃಶ್ಯವಿದ್ದ ಇನ್ನೊಂದು ಚಿತ್ರಕ್ಕೆ ಹೆಚ್ಚು ಚಪ್ಪಾಳೆ ಸಿಕ್ಕಿತು. ಲೈನು ಮನೆಯ ಅಂಗಳದಲ್ಲಿ ತೋರಿಸಿದಾಗ ಚಿತ್ರ ಚೆನ್ನಾಗಿದೆಯೇ ಎಂಬ ಮಾತನ್ನು ಯಾರೂ ಆಡಲಿಲ್ಲ. ಆ ಆನೆ ಯಾವ ಕಡೆಯಿಂದ ಬಂದಿರಬಹುದು, ಅಲ್ಲಿ ಸೋಲಾರ್ ಬೇಲಿ ಯಾಕೆ ಇರಲಿಲ್ಲ, ಆ ಇಬ್ಬರು ಆನೆ ಬಂದ ಬಗೆಗಿನ ಮೆಸೇಜು ಮೊದಲೇ ನೋಡಬೇಕಿತ್ತು ಎಂಬ ಚರ್ಚೆ ನಡೆಯಿತು. ಇದಕ್ಕಿಂತ ದೊಡ್ಡ ಮನ್ನಣೆಯನ್ನು ನಾನು ಊಹಿಸಲಾರೆ. ಅಲ್ಲಿಯೂ ಒಂದು ತಪ್ಪು ಸಿಕ್ಕಿಬಿತ್ತು. ಕೊಯ್ಲಿನ ಮಹಿಳೆಯ ಸೊಂಟಕ್ಕೆ ಕಟ್ಟಿದ ಚೀಲ ಉಬ್ಬಿಕೊಂಡಿತ್ತು. ‘ಕೆಲಸಕ್ಕೆ ಹೋಗುವಾಗಲೇ ಚೀಲ ತುಂಬಿರ್ತದಾ?’ ಎಂದು ನಕ್ಕರು. ಮಾಡೆಲ್ ಮಾಡುವಾಗ ತುಂಬಿದ ಚೀಲವೇ ಚೆಂದ ಕಂಡಿತ್ತು. ಮಾರನೆಯ ವಾರ ಆಕೆ ಅದನ್ನು ಖಾಲಿ ಮಾಡಿ, ಆ ಶಾಟುಗಳನ್ನಷ್ಟೇ ಮತ್ತೆ ರೆಂಡರ್ ಮಾಡಿದಳು; ಚಿತ್ರಗಳ ಸರಣಿಯಾಗಿ ಇಟ್ಟಿದ್ದರಿಂದ ಬದಲಿಸುವುದು ಸುಲಭವಾಯಿತು. ತಿದ್ದಿದ ಪ್ರತಿಯನ್ನು ಗ್ರಾಮ ಪಂಚಾಯಿತಿಯೊಂದರ ಸಭೆಯಲ್ಲಿ ತೋರಿಸಿದ್ದಾರೆ.

ಕರ್ನಾಟಕ ಅನಿಮೇಷನ್ ಕ್ಷೇತ್ರಕ್ಕೆಂದೇ 2012ರಲ್ಲಿ ಪ್ರತ್ಯೇಕ ನೀತಿ ತಂದ ರಾಜ್ಯ. 2024ರಿಂದ 2029ರವರೆಗಿನ ಹೊಸ ನೀತಿಯೂ ಈಗ ಜಾರಿಯಲ್ಲಿದೆ. ಹಾಗಿದ್ದರೂ ಹಾಸನದಲ್ಲಿ ಕಲಿತವರು ಕೆಲಸಕ್ಕೆ ಬಸ್ಸು ಹತ್ತುವುದು ಬೆಂಗಳೂರಿಗೇ. ಆಕೆ ಅಲ್ಲಿನ ಹಲವು ಸ್ಟುಡಿಯೋಗಳಿಗೆ ಅರ್ಜಿ ಹಾಕಿದಳು. ಒಂದು ಕಡೆಯಿಂದ ಉತ್ತರ ಬರಲಿಲ್ಲ. ಇನ್ನೊಂದು ಕಡೆ, ಮನುಷ್ಯ ಪಾತ್ರ ನಂಬುವಂತೆ ಅಭಿನಯಿಸುವ ಒಂದು ಶಾಟ್ ಕೂಡ ರೀಲಿನಲ್ಲಿ ಇಲ್ಲ ಎಂಬ ಕಾರಣ ಕೊಟ್ಟು ತಿರಸ್ಕರಿಸಿದರು. ಮೂರನೆಯವರು ಚಿತ್ರಕ್ಕಿಂತ ಹೆಚ್ಚಾಗಿ ಹಿಂದಿನ ವಿವರಣೆಯನ್ನು ಎರಡು ಸಲ ಓಡಿಸಿ ನೋಡಿ, ಫ್ರೇಮ್ ರೇಟಿನ ವ್ಯತ್ಯಾಸವನ್ನು ಹೇಗೆ ಪತ್ತೆ ಹಚ್ಚಿದೆ ಎಂದು ವಿಚಾರಿಸಿ, ಕರಡಿಯೊಂದು ಮರದ ದಿಮ್ಮಿ ದಾಟುವ ಶಾಟನ್ನು ಪರೀಕ್ಷೆಯಾಗಿ ಕೊಟ್ಟರು. ಕರಡಿಯ ವಿಡಿಯೋ ಆಕರವನ್ನು ಆಕೆ ಟೈಮ್‌ಲೈನಿಗೆ ತರುವ ಮೊದಲೇ ಅದರ ಫ್ರೇಮ್ ರೇಟನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದಳು. ಗುತ್ತಿಗೆಯ ಮೇಲೆ ಕಿರಿಯ ಅನಿಮೇಟರ್ ಕೆಲಸ ಸಿಕ್ಕಿತು.

ತಿರಸ್ಕರಿಸಿದ ಸ್ಟುಡಿಯೋ ಹೇಳಿದ ಕಾರಣ ಸರಿಯಾಗಿಯೇ ಇತ್ತು. ಚಿತ್ರದಲ್ಲಿ ಆ ಇಬ್ಬರು ಮಹಿಳೆಯರು ಹಿಂದಕ್ಕೆ ಹೆಜ್ಜೆಯಿಡುವ ರೀತಿ ಈಗಲೂ ತರಗತಿಯ ಸೂತ್ರದಂತೆಯೇ ಇದೆ. ಆಕೆ ಈಗ ಸಂಜೆಯ ಹೊತ್ತು ಅದನ್ನೇ ಮತ್ತೆ ಮಾಡುತ್ತಿದ್ದಾಳೆ. ಊರಿಗೆ ಹೋದಾಗ ಕಣದಲ್ಲಿ ಮೂಟೆ ಹೊರುವವರನ್ನು ಅವರ ಒಪ್ಪಿಗೆ ಪಡೆದು ಚಿತ್ರೀಕರಿಸಿಕೊಂಡು ಬರುತ್ತಾಳೆ.